ಗೂಡ್ಸ್ ಡೀಸೆಲ್ ಎಂಜಿನ್‌ನ ಕ್ಯಾಬ್‌ನಲ್ಲಿ ದುಡಿದವರು, ದುಡಿಯುತ್ತಿರುವವರು ಇಲ್ಲಿ ಬರೆಯಿರಿ

ಎಂಟನೇ ನಾಚ್, ಪುತ್ತೂರು

ಮೂವತ್ತೊಂದು ವರ್ಷ ಎಂಜಿನ್ ಮೇಲಿದ್ದೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೂಡ್ಸ್ ರೈಲಿನಲ್ಲಿಯೇ ಕಳೆಯಿತು. ನಿವೃತ್ತನಾಗಿ ನಾಲ್ಕು ಮಳೆಗಾಲ ಕಳೆದಿವೆ. ಹೋದ ವಾರ ಮೊಮ್ಮಗಳು ನನ್ನ ಎಡಗಡೆ ಕುಳಿತು ಶಾಲೆಯ ಕಥೆ ಹೇಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಎದ್ದು ಬಲಗಡೆಗೆ ಬಂದು ಕುಳಿತು, ಕಥೆಯನ್ನು ಮೊದಲಿನಿಂದ ಶುರು ಮಾಡಿದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಬರೆಯಲೇಬೇಕು ಎಂದು ಆ ಸಂಜೆಯೇ ನಿಶ್ಚಯಿಸಿದೆ.

ಎಂಜಿನ್ ಓಡಿಸುವವರು ಕೂರುವುದು ಎಡಗಡೆ. ಎಡಗಿವಿ ಕಿಟಕಿಗೆ, ಬಲಗಿವಿ ಸಹಾಯಕನಿಗೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದರೆ ಬೆಂದುಹೋಗುತ್ತೇವೆ, ತೆರೆದರೆ ಹಾರ್ನ್, ಗಾಳಿ, ಸುರಂಗದ ಗೋಡೆಗೆ ಬಡಿದು ಮರಳುವ ಎಂಜಿನ್ ಸದ್ದು ಎಲ್ಲವೂ ಆ ಒಂದು ಕಿವಿಗೇ. ನನ್ನ ಜೊತೆಯವರಲ್ಲಿ ಎಡಗಿವಿ ಮಂದವಾದವರನ್ನು ಎಣಿಸುತ್ತ ಹೋದರೆ ಎರಡೂ ಕೈಗಳ ಬೆರಳು ಸಾಲುವುದಿಲ್ಲ.

ಡಬ್ಲ್ಯುಡಿಜಿ-3ಎ ಎಂಬ ಎಂಜಿನ್‌ನ ಕ್ಯಾಬನ್ನು, ಅಂದರೆ ಓಡಿಸುವವರು ಕೂರುವ ಕೋಣೆಯನ್ನು, ನೋಡದವರಿಗಾಗಿ ಒಂದಿಷ್ಟು ಹೇಳುತ್ತೇನೆ. 3100 ಅಶ್ವಶಕ್ತಿ, ಹದಿನಾರು ಸಿಲಿಂಡರ್. ಕ್ಯಾಬ್ ಇರುವುದು ಎಂಜಿನ್‌ನ ತುದಿಯಲ್ಲಲ್ಲ, ತುದಿಯಿಂದ ಸ್ವಲ್ಪ ಒಳಗೆ. ಒಂದು ಕಡೆ ಗಿಡ್ಡ ಮೂತಿ, ಅದಕ್ಕೆ ಶಾರ್ಟ್ ಹುಡ್ ಎನ್ನುತ್ತೇವೆ. ಇನ್ನೊಂದು ಕಡೆ ಇಡೀ ಎಂಜಿನನ್ನು ಹೊತ್ತ ಉದ್ದನೆಯ ಪೆಟ್ಟಿಗೆ, ಲಾಂಗ್ ಹುಡ್. ಯಾವ ಕಡೆಗೆ ಹೋಗುವುದಕ್ಕೂ ಇರುವುದು ಅದೇ ಒಂದು ಕ್ಯಾಬ್. ಲಾಂಗ್ ಹುಡ್ ಮುಂದಾಗಿ ಹೊರಟರೆ ಲೋಕೊ ಪೈಲಟ್‌ಗೆ, ಅಂದರೆ ಎಂಜಿನ್ ಓಡಿಸುವವನಿಗೆ, ಕಾಣುವುದು ತನ್ನ ಬದಿಯ ಒಂದು ಸೀಳು ಮಾತ್ರ. ಹಳಿ ಬಲಕ್ಕೆ ತಿರುಗಿತೆಂದರೆ ಎದುರಿನ ಸಿಗ್ನಲ್ ಅವನಿಗೆ ಕಾಣದು. ಆಗ ಸಹಾಯಕ ಕೂಗಿ ಹೇಳಬೇಕು, ಇವನು ಕೇಳಿ ಮರುನುಡಿಯಬೇಕು. ಹೊಗೆಯೂ ಬಿಸಿಗಾಳಿಯೂ ಹಿಂದಕ್ಕೆ ಬಂದು ಇಬ್ಬರ ಮುಖಕ್ಕೆ ಹೊಡೆಯುತ್ತವೆ.

ಈಗ ಎಲ್ಲರೂ ಹೇಳುವ ಮಾತು, ಡೀಸೆಲ್ ಕಾಲ ಮುಗಿಯಿತು ಎಂದು. ಕೊಂಕಣ ರೈಲ್ವೆಯ ತೋಕೂರು–ರೋಹಾ ಮಾರ್ಗದ 741 ಕಿಲೋಮೀಟರಿಗೂ 2022ರಲ್ಲಿ ವಿದ್ಯುತ್ ಬಂದಿತು, ನಮ್ಮ ಸಕಲೇಶಪುರ ಘಾಟಿಯ ಸುರಂಗಗಳಲ್ಲಿಯೂ ತಂತಿ ಎಳೆಯುವ ಕೆಲಸ ನಡೆಯಿತು, ನಿಜ. ಆದರೆ ಆ ಕ್ಯಾಬಿನಲ್ಲಿ ಸವೆದ ದೇಹಗಳು ಮನೆಮನೆಗಳಲ್ಲಿ ಕುಳಿತಿವೆ. ಡೀಸೆಲ್ ಎಂಜಿನ್‌ಗಳು ಯಾರ್ಡ್‌ಗಳಲ್ಲಿ, ಸೈಡಿಂಗ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಹೊಸ ಎಂಜಿನ್‌ನ ಕ್ಯಾಬ್ ನಕ್ಷೆ ಗೀಚುವವರು ಹಳೆಯದರಲ್ಲಿ ಕುಳಿತವರನ್ನು ಕೇಳಿದ್ದಾರೆಯೇ? ನನ್ನನ್ನು ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನಿಮ್ಮನ್ನು ಯಾರಾದರೂ ಕೇಳಿದ್ದರೆ ಬರೆಯಿರಿ.


ಪಡೀಲ್ ಜಂಕ್ಷನ್

ನಾನು ರೈಲ್ವೆಯವನಲ್ಲ, ಹಳಿಯ ಪಕ್ಕದಲ್ಲಿಯೇ ಬೆಳೆದ ಕಾಲೇಜು ಹುಡುಗ. ಒಂದು ಸಂದೇಹ. ಅಷ್ಟು ಕಷ್ಟವಿದ್ದರೆ ಶಾರ್ಟ್ ಹುಡ್ ಮುಂದಿಟ್ಟುಕೊಂಡೇ ಓಡಿಸಬಹುದಿತ್ತಲ್ಲವೇ? ಅಂಥ ವಿನ್ಯಾಸ ಬಂದದ್ದಾದರೂ ಎಲ್ಲಿಂದ?


ಎಂಟನೇ ನಾಚ್, ಪುತ್ತೂರು

ಒಳ್ಳೆಯ ಪ್ರಶ್ನೆ. ಎಂಜಿನನ್ನು ತಿರುಗಿಸಲು ತಿರುಗುಮಣೆಯೋ ತ್ರಿಕೋನಾಕಾರದ ಹಳಿಯೋ ಬೇಕು. ಬಂದರಿಗೆ ರೇಕ್, ಅಂದರೆ ವ್ಯಾಗನ್‌ಗಳ ಸಾಲು, ತಂದು ಬಿಟ್ಟು, ಎಂಜಿನ್ ಇನ್ನೊಂದು ತುದಿಗೆ ಹೋಗಿ ಕೊಂಡಿ ಹಾಕಿಕೊಂಡರೆ ಮರಳುವಾಗ ಯಾವ ಮೂತಿ ಮುಂದೆ ಬರುತ್ತದೋ ಅದೇ ಗತಿ. ಎರಡು ಎಂಜಿನ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಸರಿಹೋಗುತ್ತದೆ, ಆದರೆ ಪ್ರತಿ ಸಲ ಹಾಗೆ ಸಿಗುವುದಿಲ್ಲ.

ವಿನ್ಯಾಸದ ಮೂಲ ಅಮೆರಿಕದ ಆಲ್ಕೊ ಕಂಪನಿ. 1962ರಲ್ಲಿ ಡಬ್ಲ್ಯುಡಿಎಂ-2 ಅಲ್ಲಿಂದ ಬಂದಿತು, 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಯಿತು. ಹಬೆಯ ಎಂಜಿನ್ ಓಡಿಸಿದವರಿಗೆ ಮುಂದೆ ಉದ್ದನೆಯ ಬಾಯ್ಲರ್ ಇರುವುದು ರೂಢಿಯಾಗಿತ್ತು. ಡಿಕ್ಕಿಯಾದರೆ ಮುಂದಿನ ಕಬ್ಬಿಣದ ರಾಶಿ ಸಿಬ್ಬಂದಿಯನ್ನು ಕಾಯುತ್ತದೆ ಎಂಬ ವಾದವೂ ಇತ್ತು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಲ್ಕೊ 1969ರಲ್ಲಿ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಅದರ ಕ್ಯಾಬ್ ಮಾತ್ರ ಇಲ್ಲಿ ಇನ್ನೂ ನಾಲ್ಕು ದಶಕ ಹುಟ್ಟುತ್ತಲೇ ಇತ್ತು. ಅಶ್ವಶಕ್ತಿಯನ್ನು 2600ರಿಂದ 3100ಕ್ಕೆ ಏರಿಸಲು ಎಷ್ಟೊಂದು ಜನ ತಲೆ ಕೆಡಿಸಿಕೊಂಡರು. ಸೀಟಿನ ಬಗ್ಗೆ ಅಂಥ ಸಭೆ ನಡೆದದ್ದು ನನ್ನ ಕಿವಿಗೆ ಬಿದ್ದಿಲ್ಲ.


ಬಲಗಡೆಯ ಸೀಟು

ನಾನು ಸಹಾಯಕ ಲೋಕೊ ಪೈಲಟ್. ಹೆಣ್ಣುಮಗಳು, ಉಡುಪಿ ಕಡೆಯವಳು. ಸೇವೆಯಲ್ಲಿರುವುದರಿಂದ ಹೆಸರು ಹೇಳುವುದಿಲ್ಲ.

ಕಿವಿಗಿಂತ ಮೊದಲು ನೀರಿನ ವಿಷಯ ಬರೆಯುತ್ತೇನೆ. ಮನೆಯಿಂದ ಒಂದು ಲೀಟರಿನ ಬಾಟಲಿ ತುಂಬಿಕೊಂಡು ಹೊರಡುತ್ತೇನೆ. ಲಾಬಿಯಲ್ಲಿ, ಅಂದರೆ ಡ್ಯೂಟಿಗೆ ಹಾಜರಾಗುವ ಕಚೇರಿಯಲ್ಲಿ, ಸಹಿ ಹಾಕುವ ಮೊದಲು ಎರಡು ಗುಟುಕು. ಆಮೇಲೆ ಬಾಯಿ ಒಣಗಿದರೆ ನಾಲಿಗೆ ನೆನೆಯುವಷ್ಟು. ಮರಳಿ ಮನೆಗೆ ಬಂದಾಗ ಬಾಟಲಿಯಲ್ಲಿ ಮುಕ್ಕಾಲು ಉಳಿದಿರುತ್ತದೆ. ಅಮ್ಮ ಅದನ್ನು ಚೆಲ್ಲುವಾಗ ಏನೂ ಹೇಳುವುದಿಲ್ಲ, ನನ್ನ ಕಡೆ ಒಮ್ಮೆ ನೋಡುತ್ತಾರೆ, ಅಷ್ಟೆ. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ, ಎಂಜಿನ್‌ಗೆ ಬೆನ್ನು ಕೊಟ್ಟು ಕುಳಿತು ಬೆವರು ಸುರಿಸುತ್ತ ನೀರು ಕುಡಿಯದೆ ಇರುವುದೆಂದರೆ ಏನೆಂಬುದನ್ನು ಎರಡು ಸಲ ಮೂತ್ರಕೋಶದ ಸೋಂಕಾದ ಮೇಲೆ ವೈದ್ಯರು ನನಗೆ ವಿವರಿಸಿದರು. ಹೆಚ್ಚು ನೀರು ಕುಡಿಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಗೂಡ್ಸ್ ರೈಲಿಗೆ ಪ್ಯಾಸೆಂಜರ್ ರೈಲಿನಂತೆ ನಿಲ್ದಾಣವಿಲ್ಲ. ಬೇರೆ ರೈಲಿಗೆ ದಾರಿ ಬಿಡಲು ಪಕ್ಕದ ಹಳಿಯಾದ ಲೂಪ್ ಲೈನಿನಲ್ಲಿ ನಿಲ್ಲಿಸಿದರೆ ಎಷ್ಟು ಹೊತ್ತು ಎಂದು ಮೊದಲೇ ತಿಳಿಯದು. ಎಂಜಿನ್ ನಿಲ್ಲುವುದು ಪ್ಲಾಟ್‌ಫಾರ್ಮಿನಿಂದ ಬಹಳ ಮುಂದೆ. ಒಂದು ರಾತ್ರಿ ಹಾಗೆಯೇ ನಿಂತಾಗ ಇಳಿದೆ. ಕೈಯಲ್ಲಿ ಟಾರ್ಚ್, ಕಾಲಡಿಯಲ್ಲಿ ಜಲ್ಲಿ, ಸುತ್ತಲೂ ಆಳೆತ್ತರದ ಹುಲ್ಲು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ವಾಕಿಟಾಕಿಯಲ್ಲಿ ಕರೆ ಬಂದಿತು, ಸಿಗ್ನಲ್ ಕೊಟ್ಟಾಗಿದೆ ಎಂದು. ಮರಳಿ ಏಣಿ ಹತ್ತಿದೆ. ಆ ದಿನ ನನಗೆ ಮುಟ್ಟಿನ ಎರಡನೇ ದಿನ.

ನಮ್ಮ ದೇಶದಲ್ಲಿ ಮೊದಲ ರೈಲು ಓಡಿದ್ದು 1853ರಲ್ಲಿ. ಎಂಜಿನ್ ಒಂದಕ್ಕೆ ಶೌಚಾಲಯ ಬಂದದ್ದು 2016ರಲ್ಲಿ, ಅದೂ ಎಲೆಕ್ಟ್ರಿಕ್ ಎಂಜಿನ್‌ಗೆ. ನಡುವೆ 163 ವರ್ಷ. ಸುರೇಖಾ ಯಾದವ್ ಅವರು 1980ರ ದಶಕದ ಕೊನೆಯಲ್ಲಿಯೇ ಎಂಜಿನ್ ಹತ್ತಿದ್ದರು, ಏಷ್ಯಾದಲ್ಲಿಯೇ ಮೊದಲಿಗರು. ಅಂದರೆ ಹೆಣ್ಣು ಈ ಕೆಲಸಕ್ಕೆ ಬರುತ್ತಾಳೆಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಈಗ ಕೆಲವು ಎಂಜಿನ್‌ಗಳಲ್ಲಿ ನೀರಿಲ್ಲದ ಮೂತ್ರಾಲಯ ಹಾಕುತ್ತಿದ್ದಾರೆ. ಅದನ್ನು ನಿಂತು ಬಳಸುವವರಿಗಾಗಿ ಮಾಡಲಾಗಿದೆ. ಕ್ಯಾಬ್ ಗೀಚಿದವರ ಕಣ್ಣ ಮುಂದೆ ಯಾವ ದೇಹವಿತ್ತು ಎಂದು ಅದರಿಂದ ಗೊತ್ತಾಗುತ್ತದೆ.

ನನ್ನ ಎತ್ತರ ಐದು ಅಡಿ ಎರಡು ಅಂಗುಲ. ಸೀಟಿನಲ್ಲಿ ಹಿಂದಕ್ಕೆ ಒರಗಿದರೆ ಪಾದ ನೆಲಕ್ಕೆ ತಾಗುವುದಿಲ್ಲ. ಪಾದ ಊರಿದರೆ ಬೆನ್ನಿಗೆ ಆಸರೆಯಿಲ್ಲ. ಒಂಬತ್ತು ಗಂಟೆ ಇದರಲ್ಲಿ ಯಾವುದನ್ನಾದರೂ ಒಂದನ್ನು ಆರಿಸಿಕೊಳ್ಳಬೇಕು.


ಕಂಕನಾಡಿಯ ಕಿವಿ ವೈದ್ಯ

ಮೇಲಿನ ಎರಡೂ ಬರಹಗಳನ್ನು ಓದಿ ಸುಮ್ಮನಿರಲು ಆಗಲಿಲ್ಲ. ಎಂಜಿನ್ ಓಡಿಸಿದವರು ನನ್ನಲ್ಲಿಗೆ ಬರುವುದು ನಿವೃತ್ತಿಯ ನಂತರ, ಅದೂ ಮನೆಯವರ ಒತ್ತಾಯಕ್ಕೆ. ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್‌ನ ಸುತ್ತ ಒಂದು ಗುಂಡಿ ಬಿದ್ದಿರುತ್ತದೆ. ಸದ್ದಿನಿಂದಾದ ಕಿವುಡಿನ ಗುರುತು ಅದು. ಒಳಗಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಜಾರುವುದು ಸ, ಶ, ಚ ಮೊದಲಾದ ಅಕ್ಷರಗಳು. ಹಾಗಾಗಿ ರೋಗಿ ಹೇಳುವುದು ಒಂದೇ ಮಾತು: ದನಿ ಕೇಳುತ್ತದೆ ಡಾಕ್ಟರೇ, ಪದ ತಿಳಿಯುವುದಿಲ್ಲ. ಕೂಗಿ ಸಿಗ್ನಲ್ ಹೇಳುವ, ವಾಕಿಟಾಕಿಯಲ್ಲಿ ಆದೇಶ ಕೇಳುವ ಕೆಲಸದಲ್ಲಿ ಇದರ ಅರ್ಥವೇನೆಂದು ಯೋಚಿಸಿ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯಾಶ್ ಹಾಕಿದ ಮಿತಿ ಎಂಟು ಗಂಟೆಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88 ಆದರೆ ನಾಲ್ಕು ಗಂಟೆ, 91 ಆದರೆ ಎರಡು ಗಂಟೆ. ಹೊಗೆಯ ವಿಷಯ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸುರಂಗದೊಳಗೆ ಕೆಲಸ ಮಾಡಿದವರು ಕೆಮ್ಮು ಬಂದರೆ ವಯಸ್ಸಾಯಿತು ಎಂದು ಕಡೆಗಣಿಸಬೇಡಿ. ನನಗೆ ಸಂಬಂಧಿಸಿದ್ದಷ್ಟನ್ನು ಹೇಳಿದೆ. ಬೆನ್ನಿನ ಬಗ್ಗೆ ಮೂಳೆ ವೈದ್ಯರು ಯಾರಾದರೂ ಇದ್ದರೆ ಬರೆಯಲಿ.


ಶೆಡ್ ಮನುಷ್ಯ

ಇಷ್ಟು ಓದಿದ ಮೇಲೆ ನನ್ನ ಕಡೆಯ ಮಾತನ್ನೂ ಹೇಳಬೇಕು. ಇಪ್ಪತ್ತೆರಡು ವರ್ಷ ಡೀಸೆಲ್ ಎಂಜಿನ್ ದುರಸ್ತಿ ಮಾಡಿದ್ದೇನೆ. ಎಲ್ಲ ಡೀಸೆಲ್‌ಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. 1999ರಿಂದ ಬಂದ ಡಬ್ಲ್ಯುಡಿಜಿ-4 ಬೇರೆಯೇ ಜಾತಿ: 4000 ಅಶ್ವಶಕ್ತಿ, ಕಂಪ್ಯೂಟರ್ ಪರದೆ, ಮೊದಲಿಗಿಂತ ಉತ್ತಮ ಸೀಟು. ಅದರಲ್ಲಿಯೂ ಮೊದಮೊದಲು ಒಂದೇ ಕ್ಯಾಬ್ ಇತ್ತು, ಒಪ್ಪುತ್ತೇನೆ. ಆಮೇಲೆ ಎರಡು ತುದಿಗೂ ಕ್ಯಾಬ್ ಇರುವ ಡಬ್ಲ್ಯುಡಿಜಿ-4ಡಿ ಬಂದಿತು, ಶಕ್ತಿಯೂ 4500ಕ್ಕೆ ಏರಿತು. ಲಾಂಗ್ ಹುಡ್‌ನ ಕಾಟ ಅಲ್ಲಿಗೆ ತೀರಿತು. ಯಾರೂ ಕೇಳಲೇ ಇಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಲೋಕೊ ಪೈಲಟ್‌ಗಳ ದೂರು ಇಲ್ಲದೆ ಎರಡನೇ ಕ್ಯಾಬ್ ಬರುತ್ತಿರಲಿಲ್ಲ.

ಎಸಿ ಹಾಕಿ ಎಂದು ಎಲ್ಲರೂ ಕೇಳುತ್ತಾರೆ. ಹಾಕಿದರೆ ಕಿಟಕಿ ಮುಚ್ಚುತ್ತದೆ. ಕಿಟಕಿ ಮುಚ್ಚಿದರೆ ಅಪಾಯದ ಎಚ್ಚರಿಕೆಗಾಗಿ ಹಳಿಯ ಮೇಲಿಟ್ಟ ಪಟಾಕಿಯಂಥ ಡೆಟೊನೇಟರ್ ಸಿಡಿದದ್ದು ಕೇಳಬೇಕಲ್ಲ? ಹಿಂದಿನಿಂದ ಗಾರ್ಡ್ ದೀಪ ತೋರಿಸಿದರೆ ತಲೆ ಹೊರಗೆ ಹಾಕಿ ನೋಡಬೇಕಲ್ಲ? ಇನ್ನು ಬಾಗಿಲ ರಬ್ಬರು. ಹೊಸ ಎಂಜಿನ್ ಬಂದಾಗ ಕ್ಯಾಬ್ ಸಾಕಷ್ಟು ನಿಶ್ಶಬ್ದವಾಗಿಯೇ ಇರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಂಚಿನ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ, ಅಲ್ಲಿಂದ ಸದ್ದು, ಧೂಳು, ಹೊಗೆ ಮೂರೂ ಒಳಗೆ ನುಗ್ಗುತ್ತವೆ. ಬ್ರೇಕ್ ಕೆಟ್ಟರೆ ಎಂಜಿನ್ ಶೆಡ್ ಬಿಟ್ಟು ಹೊರಡುವುದಿಲ್ಲ. ರಬ್ಬರು ಬಿರಿದರೆ ಹೊರಡುತ್ತದೆ. ಇದು ವಿನ್ಯಾಸದ ತಪ್ಪೋ ದುರಸ್ತಿಯ ತಪ್ಪೋ ನೀವೇ ಹೇಳಿ.


ಎಂಟನೇ ನಾಚ್, ಪುತ್ತೂರು

ಶೆಡ್‌ನವರ ಮಾತಿನಲ್ಲಿ ತೂಕವಿದೆ. ಎರಡನೇ ಕ್ಯಾಬ್ ಬಂದದ್ದು ದೊಡ್ಡ ಉಪಕಾರ, ಅದನ್ನು ಮೊದಲ ಬರಹದಲ್ಲಿಯೇ ಹೇಳಬೇಕಿತ್ತು. ಡೆಟೊನೇಟರ್ ವಿಷಯವೂ ನಿಜ. ಆದರೆ ಕಿವಿ ಉಳಿದಿದ್ದರೆ ತಾನೆ ಡೆಟೊನೇಟರ್ ಕೇಳುವುದು?

ಬ್ಯಾಂಕರ್‌ನಲ್ಲಿ ಕೆಲಸ ಮಾಡಿದವರ ಪಾಡನ್ನು ಇಲ್ಲಿ ಇನ್ನೂ ಯಾರೂ ಹೇಳಿಲ್ಲ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್, 57 ಸುರಂಗ, ಐವತ್ತು ಅಡಿಗೆ ಒಂದು ಅಡಿ ಏರು. ಭಾರದ ಗೂಡ್ಸ್ ರೈಲಿಗೆ ಹಿಂದಿನಿಂದ ನೂಕುವ ಎಂಜಿನ್ ಕಟ್ಟುತ್ತಾರೆ, ಅದೇ ಬ್ಯಾಂಕರ್. ಮುಂದಿನ ಎಂಜಿನ್‌ಗಳು ಎಂಟನೇ ನಾಚ್‌ನಲ್ಲಿ, ಅಂದರೆ ಪೂರ್ತಿ ಶಕ್ತಿಯಲ್ಲಿ, ಉಗುಳಿದ ಹೊಗೆ ಸುರಂಗದಲ್ಲಿಯೇ ತುಂಬಿಕೊಂಡಿರುತ್ತದೆ. ರೈಲು ಹೋಗುವುದು ಹೆಚ್ಚೆಂದರೆ 30 ಕಿಲೋಮೀಟರ್ ವೇಗದಲ್ಲಿ. ಭಾರ ಎಳೆದು ಏರುವಾಗ ಅದಕ್ಕಿಂತಲೂ ಕಡಿಮೆ. ಆ ಹೊಗೆಯೊಳಗೆ ಕೊನೆಗೆ ನುಗ್ಗುವವನು ಬ್ಯಾಂಕರ್‌ನವನು.

ಸುರಂಗದ ಬಾಯಿ ಕಾಣುತ್ತಿದ್ದಂತೆ ಕಿಟಕಿ ಎಳೆಯುತ್ತಿದ್ದೆವು. ಹೆಗಲಿನ ಬೈರಾಸನ್ನು ಬಾಟಲಿಯ ನೀರಿನಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದೆವು. ಹೆಡ್‌ಲೈಟಿನ ಬೆಳಕು ಹತ್ತು ಮಾರು ದೂರದಲ್ಲಿ ಹಳದಿ ಗೋಡೆಗೆ ಬಡಿದಂತೆ ನಿಂತುಬಿಡುತ್ತಿತ್ತು. ಮೀಟರಿನ ಗಾಜು ಮುಟ್ಟಿದರೆ ಬಿಸಿ. ಹೊರಗೆ ಬಂದು ಕಿಟಕಿ ತೆರೆದರೆ ಕಾಡಿನ ತಂಪು ಗಾಳಿ, ಒಂದೆರಡು ನಿಮಿಷ. ಅಷ್ಟರಲ್ಲಿ ಮುಂದಿನ ಸುರಂಗ. ಮನೆಗೆ ಬಂದು ಬೈರಾಸು ಒಗೆದರೆ ಬಕೆಟ್ ನೀರು ಮಸಿಯಾಗುತ್ತಿತ್ತು. ಎಡಕುಮೇರಿಯಂಥ ನಿಲ್ದಾಣಕ್ಕೆ ರಸ್ತೆಯೇ ಇಲ್ಲ. ಅಲ್ಲಿ ಒಬ್ಬನಿಗೆ ಎದೆ ಹಿಡಿದರೆ ಇನ್ನೊಂದು ರೈಲೇ ಬರಬೇಕು.

ಇದರ ನಡುವೆ ಎಚ್ಚರಿಕೆಯ ಯಂತ್ರ. ಅರುವತ್ತು ಸೆಕೆಂಡು ನಾವು ಯಾವ ಹಿಡಿಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಎಂಟು ಸೆಕೆಂಡು ಬಿಟ್ಟು ಕರೆಗಂಟೆ, ಮತ್ತೆ ಎಂಟು ಸೆಕೆಂಡಿಗೆ ಬ್ರೇಕ್ ತಾನಾಗಿಯೇ ಬೀಳುತ್ತದೆ. ಅದು ಬೇಕು, ನಾನು ವಿರೋಧಿಯಲ್ಲ. ನಿದ್ದೆ ಹೋದರೆ ಎಷ್ಟು ಜೀವ ಹೋಗುತ್ತದೆಂದು ನಮಗಿಂತ ಚೆನ್ನಾಗಿ ತಿಳಿದವರಿಲ್ಲ. ಆದರೆ ನಿಮಿಷಕ್ಕೊಮ್ಮೆ ನಾನು ಎಚ್ಚರವಿದ್ದೇನೆಯೇ ಎಂದು ಕೇಳುವ ಯಂತ್ರ ಕಟ್ಟಿದವರು, ನಾನು ನಿನ್ನೆ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಲಿಲ್ಲ.


ಕುಳಾಯಿಯ ಗೃಹಿಣಿ

ಅದಕ್ಕೆ ಉತ್ತರ ನಾನು ಕೊಡಬಲ್ಲೆ. ನನ್ನ ಯಜಮಾನರು ಗೂಡ್ಸ್ ಓಡಿಸುತ್ತಾರೆ. ಬೆಳಿಗ್ಗೆ ಏಳಕ್ಕೆ ಬಂದು, ಗಂಜಿ ಉಂಡು ಎಂಟಕ್ಕೆ ಮಲಗುತ್ತಾರೆ. ಒಂಬತ್ತಕ್ಕೆ ಮೀನಿನವರ ಹಾರ್ನ್, ಹತ್ತಕ್ಕೆ ಪಕ್ಕದ ಮನೆಯ ಮಿಕ್ಸಿ, ಹನ್ನೊಂದಕ್ಕೆ ಬ್ಯಾಂಕಿನಿಂದ ಫೋನ್. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಅತ್ತೆಯ ಮನೆಗೆ ಕರೆದುಕೊಂಡು ಹೋಗಿ ಕೂರುತ್ತಿದ್ದೆ, ಮನೆಯಲ್ಲಿ ಸದ್ದಾಗದಿರಲಿ ಎಂದು. ಕಾಗದದಲ್ಲಿ ಹದಿನಾರು ಗಂಟೆ ವಿಶ್ರಾಂತಿ. ಕಣ್ಣು ಮುಚ್ಚಿದ್ದು ನಾಲ್ಕು ಗಂಟೆ. ರಾತ್ರಿ ಮತ್ತೆ ಕರೆ.


ಬಲಗಡೆಯ ಸೀಟು

ಅಕ್ಕಾ, ನೀವು ಹೇಳಿದ್ದು ಅಕ್ಷರಶಃ ನಿಜ. ತಿಳಿಯದವರಿಗಾಗಿ ನಿಯಮ ಬರೆಯುತ್ತೇನೆ. ರೈಲು ಓಡಿಸುವ ಅವಧಿ ಒಂಬತ್ತು ಗಂಟೆ, ಸಹಿ ಹಾಕಿದಲ್ಲಿಂದ ಸಹಿ ಬಿಡುವವರೆಗೆ ಹನ್ನೊಂದು ಗಂಟೆ ಮೀರಬಾರದು. ತಿಂಗಳಿಗೆ ಮೂವತ್ತು ಗಂಟೆಯ ನಾಲ್ಕು ವಿಶ್ರಾಂತಿ, ಇಲ್ಲವೇ ಇಪ್ಪತ್ತೆರಡು ಗಂಟೆಯ ಐದು. ಆ ಮೂವತ್ತು ಗಂಟೆಯೊಳಗೆ ದಿನದ ಹದಿನಾರು ಗಂಟೆಯೂ ಸೇರಿಹೋಗುವುದರಿಂದ ವಾರದ ರಜೆ ಎಂಬುದು ಉಳಿಯುವುದಿಲ್ಲ. ಎರಡನ್ನೂ ಕೂಡಿಸಿ 46 ಗಂಟೆ ಕೊಡಿ ಎಂಬುದು ಲೋಕೊ ಪೈಲಟ್‌ಗಳ ಬೇಡಿಕೆ. 2024ರ ಜೂನ್‌ನಲ್ಲಿ ದಕ್ಷಿಣದಲ್ಲಿ ಹಲವರು ಅಷ್ಟು ವಿಶ್ರಾಂತಿಯನ್ನು ತಾವಾಗಿಯೇ ತೆಗೆದುಕೊಂಡು ಪ್ರತಿಭಟಿಸಿದರು. ಅದೇ ತಿಂಗಳ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿಯಲ್ಲಿ ಗೂಡ್ಸ್ ರೈಲು ಕಾಂಚನಜಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಗೂಡ್ಸ್‌ನ ಲೋಕೊ ಪೈಲಟ್ ಸತ್ತರು, ತನಿಖೆಗೂ ಮೊದಲೇ ತಪ್ಪು ಅವರದೇ ಎಂದು ಹೇಳಲಾಯಿತು. ಆಮೇಲೆ ಸುರಕ್ಷತಾ ಆಯುಕ್ತರ ವರದಿಯಲ್ಲಿ ಸರಿಯಾದ ಅನುಮತಿ ಪತ್ರ ಕೊಟ್ಟಿರಲಿಲ್ಲ, ಸಿಬ್ಬಂದಿಗೆ ತಕ್ಕ ತರಬೇತಿ ಇರಲಿಲ್ಲ ಎಂದು ಬಂದಿತು. ಅದನ್ನು ಓದಿದ ದಿನ ನಾನು ಡ್ಯೂಟಿಗೆ ಹೊರಡುವ ಮೊದಲು ಅಮ್ಮನ ಜೊತೆ ತುಂಬ ಹೊತ್ತು ಕುಳಿತಿದ್ದೆ.


ಸುರತ್ಕಲ್ ವರ್ಕ್‌ಶಾಪ್

ವಾಹನಗಳ ಸೀಟು ವಿನ್ಯಾಸ ಮಾಡುವವನು ನಾನು. ಟ್ರಕ್‌ನ ಸೀಟು ಮಾಡುವ ಮೊದಲು ಹಲಗೆಯಲ್ಲಿ ಒಂದು ಮಾದರಿ ಕ್ಯಾಬ್ ಕಟ್ಟಿ, ಚಾಲಕರನ್ನು ಅದರೊಳಗೆ ಕೂರಿಸಿ ಅಳತೆ ಹಿಡಿಯುತ್ತೇವೆ. ಗಿಡ್ಡ ಹೆಂಗಸಿನಿಂದ ಎತ್ತರದ ಗಂಡಸಿನವರೆಗೆ ಕೈ ಎಲ್ಲಿಗೆ ಎಟುಕುತ್ತದೆ, ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತೇವೆ. ಖರ್ಚು ಹೆಚ್ಚಿಲ್ಲ. ಇಲ್ಲಿರುವವರು ಒಪ್ಪಿದರೆ ಎಂಜಿನ್ ಕ್ಯಾಬ್‌ಗೂ ಅದನ್ನು ಮಾಡೋಣ. ನಿವೃತ್ತರು ನೆನಪಿನಿಂದ ಸ್ಥಾನಗಳನ್ನು ಹೇಳಬಹುದು. ಅಳತೆಯ ಪಟ್ಟಿ, ಚಿತ್ರಗಳ ಜೊತೆ ಒಂದು ವರದಿ ಬರೆದು ಕೊಡೋಣ. ಶೆಡ್‌ನವರೂ ಬರಬೇಕು, ರಬ್ಬರಿನ ಮಾತು ಅವರಿಂದಲೇ ಬರಬೇಕು.


ಶೆಡ್ ಮನುಷ್ಯ

ಬರುತ್ತೇನೆ. ಬಿರಿದ ರಬ್ಬರಿನ ಒಂದು ತುಂಡು ನನ್ನ ಬಳಿ ಇದೆ, ತರುತ್ತೇನೆ.


ಎಂಟನೇ ನಾಚ್, ಪುತ್ತೂರು

ಹಲಗೆ ನನ್ನ ಲೆಕ್ಕ. ತಮ್ಮನ ಮರದ ಮಿಲ್ ಇದೆ. ಬ್ರೇಕ್ ಹಿಡಿ ಎಲ್ಲಿತ್ತು, ಮೀಟರ್ ಎಷ್ಟು ಮೇಲಿತ್ತು, ಕಿಟಕಿಯ ಅಂಚು ಮೊಣಕೈಯ ಎಲ್ಲಿಗೆ ತಾಗುತ್ತಿತ್ತು, ಇವೆಲ್ಲ ಕಣ್ಣು ಮುಚ್ಚಿದರೂ ತೋರಿಸಬಲ್ಲೆ. ಬಲಗಡೆಯ ಸೀಟಿನ ತಂಗಿಗೆ ಡ್ಯೂಟಿ ಇಲ್ಲದ ಭಾನುವಾರ ಯಾವುದೆಂದು ತಿಳಿಸಲಿ, ಅದೇ ದಿನ ಇಟ್ಟುಕೊಳ್ಳೋಣ. ಮೊದಲ ಅಳತೆ ಅವರದೇ ಆಗಬೇಕು. ಪಾದದಿಂದ ಮೊಣಕಾಲಿನವರೆಗೆ ಹಿಡಿದು, ಸೀಟಿನ ಎತ್ತರವನ್ನು ಅಲ್ಲಿಂದ ಶುರು ಮಾಡೋಣ. ಕುಡಿಯುವ ನೀರಿನ ಕೊಡವನ್ನೂ, ಬಾಗಿಲಿರುವ ಶೌಚಾಲಯವಿರುವ ಮನೆಯನ್ನೂ ಗೊತ್ತು ಮಾಡಿದ್ದೇನೆ, ಮಿಲ್‌ನ ಪಕ್ಕದಲ್ಲಿಯೇ ಇದೆ.


ಬಲಗಡೆಯ ಸೀಟು

ಮುಂದಿನ ಭಾನುವಾರವಲ್ಲ, ಅದರ ಮರು ಭಾನುವಾರ. ಬಸ್ಸಿನಲ್ಲಿ ಬಂದು ಹತ್ತಕ್ಕೆ ಪುತ್ತೂರಿನಲ್ಲಿ ಇಳಿಯುತ್ತೇನೆ. ನನ್ನ ಜೊತೆ ಇನ್ನಿಬ್ಬರು ಬರುತ್ತಾರೆ. ಒಬ್ಬಳ ಎತ್ತರ ನಾಲ್ಕು ಅಡಿ ಹನ್ನೊಂದು.